ದಾಕಿನವನ ಕಂಕುಳಲ್ಲಿ ಕುರು

ಹೊಸಕೋಟೆಯಿಂದ ಅನುಗೊಂಡನಹಳ್ಳಿಯವರೆಗೆ ಸೈಕಲ್ಲಿನ ಸೀಟಿನ ಮೇಲೆ ಒಂದು ಸಲವೂ ಕೂರದೆ ಹೋದವನು ಮೈಸೂರು ಸೀಮೆಯಲ್ಲಿ ಬಹುಶಃ ನಾನೊಬ್ಬನೇ. ಪೆಡಲುಗಳ ಮೇಲೆ ನಿಂತುಕೊಂಡೇ ತುಳಿಯುತ್ತಿದ್ದೆ. ಹೊಲದಲ್ಲಿದ್ದವರು ನೋಡಿ, "ಏನ್ ಅವಸ್ರ ನೋಡ್ಲಾ, ಸರ್ಕಾರಿ ಕೆಲ್ಸ ಅಂದ್ರೆ ಹಿಂಗಿರ್ಬೇಕು" ಎಂದು ಮೆಚ್ಚಿಕೊಳ್ಳುತ್ತಿದ್ದರು. ಅವಸರವೂ ಇರಲಿಲ್ಲ, ನಿಷ್ಠೆಯೂ ಇರಲಿಲ್ಲ. ಕೂರುವ ಜಾಗದಲ್ಲಿ ಕುರು ಎದ್ದಿತ್ತು, ಅಷ್ಟೇ.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನು ಹೊಸಕೋಟೆ ತಾಲ್ಲೂಕಿನಲ್ಲಿ ದಾಕು ಹಾಕುವವನಾಗಿದ್ದೆ. ಸಿಡುಬು ಬರದಂತೆ ಮಕ್ಕಳ ತೋಳಿನ ಮೇಲೆ ಗೀರಿ ಲಸಿಕೆಯ ರಸ ಇಳಿಸುವುದು ನನ್ನ ಉದ್ಯೋಗ. ಊರಿನ ಹೆಂಗಸರು ದೂರದಿಂದಲೇ ನನ್ನ ಸೈಕಲ್ ಗುರುತಿಸಿ ಮಕ್ಕಳನ್ನು ಎತ್ತಿಕೊಂಡು ಓಡುತ್ತಿದ್ದರು. ಹಾಗೆ ಓಡಿಸುತ್ತಿದ್ದವನ ಮೈಯಲ್ಲೇ ಹನ್ನೊಂದು ವರ್ಷದಿಂದ ಕುರುಗಳು ಒಕ್ಕಲು ಹೂಡಿದ್ದವು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಎರಡು ಕಂಕುಳು, ತೊಡೆಸಂದು, ಕೂರುವ ಜಾಗ, ಇವಿಷ್ಟು ಅವುಗಳ ಠಾಣೆಗಳು. ಒಂದು ಕಡೆ ಆರುವಷ್ಟರಲ್ಲಿ ಇನ್ನೊಂದು ಕಡೆಗೆ ವರ್ಗವಾಗಿ ಹೋಗುತ್ತಿದ್ದವು. ಮೊದಲು ಕಡಲೆಕಾಳಿನಷ್ಟು ಗಟ್ಟಿಯಾಗಿ ಕೈಗೆ ಸಿಗುತ್ತದೆ. ನಾಲ್ಕು ದಿನಕ್ಕೆ ನಿಂಬೆಕಾಯಿಯಷ್ಟಾಗುತ್ತದೆ. ಆಮೇಲೆ ಅಂಗಿ ತಾಗಿದರೂ ಜೀವ ಹೋಗುತ್ತದೆ. ಒಡೆದು ಕೀವು ಹೋದ ದಿನ ಸ್ವರ್ಗ ಕಂಡಂತಾಗುತ್ತದೆ, ಆದರೆ ವಾಸನೆಗೆ ಮನೆಯ ಬೆಕ್ಕೂ ಹತ್ತಿರ ಬರುವುದಿಲ್ಲ. ಒಬ್ಬ ಡಾಕ್ಟರು ರಕ್ತ ಕೆಟ್ಟಿದೆ ಎಂದರು. ಇನ್ನೊಬ್ಬರು ಮಾವಿನಹಣ್ಣು ಬಿಡಿ ಎಂದರು. ಪಂಡಿತರೊಬ್ಬರು ಮದುವೆಯಾದರೆ ತಾನೇ ಹೋಗುತ್ತದೆ ಎಂದು ಭರವಸೆ ಕೊಟ್ಟರು. ಮಾವಿನಹಣ್ಣನ್ನೂ ಬಿಟ್ಟೆ, ಮದುವೆಯನ್ನೂ ಆದೆ. ಕುರು ಎರಡನ್ನೂ ಕೇರ್ ಮಾಡಲಿಲ್ಲ.

ಪಾಪ, ಹೆಂಡತಿಗೆ ಮಾತ್ರ ಹೊಸ ಉದ್ಯೋಗ ಸಿಕ್ಕಿತು. ಅಗಸೆಬೀಜದ ಹಿಟ್ಟು ಬೇಯಿಸಿ ಪಟ್ಟು ಹಾಕುವುದು, ಹಳೆಯ ಪಂಚೆ ಹರಿದು ಹತ್ತಿ ತುಂಬಿ ದಿಂಡು ಹೊಲಿಯುವುದು. ನಾನು ಬಾಗಿಲು ದಾಟುವ ನಡಿಗೆ ನೋಡಿಯೇ ಅವಳು, "ಇವತ್ತು ಬಲಗಡೇದಾ ಎಡಗಡೇದಾ?" ಎಂದು ಕೇಳುತ್ತಿದ್ದಳು. ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಅದಕ್ಕಾಗಿ ಅವಳನ್ನು ನಾನು ಎಷ್ಟು ಪ್ರೀತಿಸಿದೆ ಎಂಬುದನ್ನು ಆಗ ಬಾಯಿಬಿಟ್ಟು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಕಚೇರಿಯಲ್ಲಿ ಈ ವಿಷಯ ಯಾರಿಗೂ ತಿಳಿಯದಂತೆ ನೋಡಿಕೊಂಡಿದ್ದೆ. ಮೈಯಲ್ಲಿ ಕೀವು ಇಟ್ಟುಕೊಂಡವನು ಮಕ್ಕಳ ತೋಳು ಮುಟ್ಟುವುದೇ ಎಂದು ಒಂದು ಮಾತು ಎದ್ದರೆ ನನ್ನ ಕತೆ ಮುಗಿಯುತ್ತಿತ್ತು. ಎಂಥ ಬಿಸಿಲಿದ್ದರೂ ತುಂಬುತೋಳಿನ ಕೋಟು ಹಾಕುತ್ತಿದ್ದೆ, ಒಳಗೆ ದಿಂಡು ಕಟ್ಟುತ್ತಿದ್ದೆ, ಕೈಗಳನ್ನು ಕಾರ್ಬಾಲಿಕ್ ಸೋಪಿನಲ್ಲಿ ಮೊಣಕೈವರೆಗೆ ತಿಕ್ಕುತ್ತಿದ್ದೆ. ತೀರಾ ಆಗದ ದಿನ ಭೇದಿ ಎಂದು ಬರೆದು ರಜೆ ಹಾಕುತ್ತಿದ್ದೆ. ನನ್ನ ಹೊಟ್ಟೆಯ ಬಗ್ಗೆ ಇಲಾಖೆಗೆ ಬಹಳ ಕೆಟ್ಟ ಅಭಿಪ್ರಾಯವಿತ್ತು.

ನಮ್ಮ ಹೆಲ್ತ್ ಇನ್ಸ್‌ಪೆಕ್ಟರಿಗೆ ನಾನು ವಿಶೇಷವಾಗಿ ಹೆದರುತ್ತಿದ್ದೆ. ಅವರು ಕಚೇರಿಯಲ್ಲಿ ಕುರ್ಚಿ ಇದ್ದರೂ ಕೂರುತ್ತಿರಲಿಲ್ಲ. ಎತ್ತರದ ಡೆಸ್ಕಿನ ಮುಂದೆ ನಿಂತುಕೊಂಡೇ ರಿಪೋರ್ಟು ಬರೆಯುತ್ತಿದ್ದರು. ಶಿಸ್ತು ಎಂದರೆ ಇದು ಎಂದು ನಾವೆಲ್ಲ ನಡುಗುತ್ತಿದ್ದೆವು.

ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗ ಅವರು ನನ್ನನ್ನು ಕರೆದರು. ಅನುಗೊಂಡನಹಳ್ಳಿ ಹೋಬಳಿಯ ಒಂದು ಊರಿನಲ್ಲಿ ಸಿಡುಬು ಎದ್ದು ಎರಡು ಮಕ್ಕಳು ತೀರಿಹೋಗಿದ್ದವು. ಅದರ ಪಕ್ಕದಲ್ಲೇ, ಕೆರೆಯ ಆಚೆ ದಡದಲ್ಲಿದ್ದ ಹಳ್ಳಿಯಲ್ಲಿ ಎಷ್ಟೋ ವರ್ಷದಿಂದ ಒಂದು ಮಗುವಿಗೂ ದಾಕು ಹಾಕಲು ಬಿಟ್ಟಿರಲಿಲ್ಲ. "ಅಲ್ಲಿಗೆ ಹೋಗಿ. ಬಲವಂತ ಮಾಡಬೇಡಿ. ಆದರೆ ಹಾಕದೆ ಬರಬೇಡಿ" ಎಂದರು. ಇವೆರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಬಲವಂತ ಯಾಕೆ ಕೂಡದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಪೊಲೀಸರನ್ನು ನಿಲ್ಲಿಸಿಕೊಂಡು ದಾಕು ಹಾಕಬಹುದು. ನಾವು ಬೆನ್ನು ತಿರುಗಿಸಿದ ಕೂಡಲೇ ತಾಯಂದಿರು ಗೀರಿದ ಜಾಗಕ್ಕೆ ಸಗಣಿ ಹಚ್ಚಿ ಉಜ್ಜಿ ತೊಳೆದುಬಿಡುತ್ತಾರೆ. ರಸ ಒಳಗೆ ಇಳಿಯುವ ಮೊದಲೇ ಹೊರಗೆ ಹೋಗುತ್ತದೆ. ಮಗುವಿಗೆ ಅಳು ಉಳಿಯುತ್ತದೆ, ರಕ್ಷಣೆ ಉಳಿಯುವುದಿಲ್ಲ.

ರಸದ ಗಾಜಿನ ಕೊಳವೆಗಳು ಗರಿಕೆಯ ಕಡ್ಡಿಯಷ್ಟು ಸಣ್ಣವು, ಎರಡು ತುದಿಯೂ ಕರಗಿಸಿ ಮುಚ್ಚಿದವು. ಅವುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒದ್ದೆ ಮರಳು ತುಂಬಿದ ಮಣ್ಣಿನ ಕುಡಿಕೆಯಲ್ಲಿಟ್ಟು ಸೈಕಲ್ಲಿಗೆ ಕಟ್ಟಿದೆ. ಆ ಬೇಸಗೆಯಲ್ಲಿ ಎಷ್ಟು ಜೋಪಾನ ಮಾಡಿದರೂ ಮೂರ್ನಾಲ್ಕು ದಿನ. ಆಮೇಲೆ ಅದೂ ಒಂದೇ, ಬಾವಿಯ ನೀರೂ ಒಂದೇ. ಆ ಸಲ ಮಾತ್ರ ನಾನು ಸೀಟಿನ ಮೇಲೆ ಕೂತುಕೊಂಡು ಹೋದೆ, ಏಕೆಂದರೆ ಕುರು ಬಲಗಂಕುಳಿಗೆ ವರ್ಗವಾಗಿತ್ತು.

ಬಲಗೈಯನ್ನು ಕೆಳಗಿಳಿಸಲು ಆಗುತ್ತಿರಲಿಲ್ಲ. ಸೊಂಟದ ಮೇಲೆ ಕೈ ಊರಿಕೊಂಡು, ಮೊಣಕೈ ಹೊರಗೆ ಚಾಚಿಕೊಂಡು ಊರು ಹೊಕ್ಕೆ. "ಏನ್ ಜಂಬಾನಪ್ಪಾ ಇವಂದು, ಅಮಲ್ದಾರ್ರೂ ಹಿಂಗ್ ನಡೆಯಲ್ಲ" ಎಂದು ಯಾರೋ ಹೇಳಿದ್ದು ಕೇಳಿಸಿತು.

ಪಟೇಲರು ಮರ್ಯಾದಸ್ಥರು. ಜಗುಲಿಯ ಮೇಲೆ ಚಾಪೆ ಹಾಸಿಸಿದರು, ತಳವಾರನಿಂದ ತಮಟೆ ಹೊಡೆಸಿದರು. ಯಾರೂ ಬರಲಿಲ್ಲ. ಊರಿನಲ್ಲಿ ಮಕ್ಕಳೇ ಇಲ್ಲವೇನೋ ಎನ್ನುವಷ್ಟು ನಿಶ್ಶಬ್ದ. ಪಟೇಲರ ನಡುಮನೆಯಲ್ಲಿ ರಾಗಿ ತುಂಬುವ ಆಳೆತ್ತರದ ಮಣ್ಣಿನ ವಾಡೆಯಿತ್ತು. ನಾನು ನೀರು ಕುಡಿಯುತ್ತಿದ್ದಾಗ ಅದು ಸೀನಿತು.

"ರಾಗಿಗೆ ನೆಗಡಿ ಆಗಿದೆಯೇ ಪಟೇಲರೇ?" ಎಂದೆ.

ಪಟೇಲರು ತಲೆ ತಗ್ಗಿಸಿದರು. "ನಮ್ ಮೊಮ್ಮಗಳು ಸ್ವಾಮಿ. ನಾನೇನೋ ಹಾಕಿಸ್ಬಿಡ್ತಿದ್ದೆ. ನಮ್ಮವ್ವ ಒಪ್ಪಾಕಿಲ್ಲ. ಅವ್ವ ಒಪ್ದೆ ಈ ಊರ್ನಾಗೆ ಒಂದ್ ಕೋಳಿಗೂ ಯಾರೂ ಸೂಜಿ ಚುಚ್ಚಾಕಿಲ್ಲ."

ಅವ್ವ ಜಗುಲಿಯ ಆ ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತ ಕೂತಿದ್ದರು. ಊರಿಗೆಲ್ಲ ಅಜ್ಜಿ. ಹಲ್ಲಿಲ್ಲ, ಕಣ್ಣು ಮಾತ್ರ ಚುರುಕು. ಸಿಡುಬು ಬಂದ ಮನೆಗೆ ಬೇವಿನ ಸೊಪ್ಪು ಕಟ್ಟಿಸುವುದರಿಂದ ಹಿಡಿದು ಕೊನೆಗೆ ನೀರು ಹಾಕಿ ಸಿಡುಬಿನ ದೇವಿ ಅಮ್ಮನನ್ನು ಕಳಿಸಿಕೊಡುವವರೆಗೆ ಎಲ್ಲ ಅವರದೇ ಅಧಿಕಾರ. ಅಂದರೆ ಆ ಊರಿನ ಹೆಲ್ತ್ ಇನ್ಸ್‌ಪೆಕ್ಟರು ಅವರೇ. ನಾನು ಅವರ ಮುಂದೆ ಕೂತು ದಾಕಿನ ಮಹಿಮೆ ಹೇಳಲು ಶುರು ಮಾಡಿದೆ. ಹೇಳುವ ಉತ್ಸಾಹದಲ್ಲಿ ಬಲಗೈ ಎತ್ತಿ ಬೀಸಿಬಿಟ್ಟೆ.

ಒಳಗೆ ಏನೋ ಟಪ್ಪೆಂದಿತು. ಕಣ್ಣು ಕತ್ತಲೆ ಬಂತು. ಕುರು ಪೂರ್ತಿ ಒಡೆದಿದ್ದರೆ ಬದುಕಿಕೊಳ್ಳುತ್ತಿದ್ದೆ, ಅರ್ಧ ಒಡೆದು ಅರ್ಧ ಒಳಗೇ ಉಳಿಯಿತು. ಎಚ್ಚರವಾದಾಗ ಪಟೇಲರು ನನ್ನ ಕೋಟು, ಅಂಗಿ ಬಿಚ್ಚಿ ಗಾಳಿ ಹಾಕುತ್ತಿದ್ದರು. ಮೈ ಕೆಂಡದಂತೆ ಸುಡುತ್ತಿತ್ತು. ಅಜ್ಜಿ ನನ್ನ ಕಂಕುಳನ್ನೂ ಅದರ ಸುತ್ತಲಿನ ಹಳೆಯ ಕಲೆಗಳನ್ನೂ ಒಂದು ನೋಟ ನೋಡಿ, ಎರಡೂ ಕೈ ಜೋಡಿಸಿದರು.

"ಅಮ್ಮ ಬಂದವ್ಳೆ" ಎಂದರು.

ಅಷ್ಟೇ. ಮುಂದೆ ನನ್ನ ಮಾತು ನಡೆಯಲಿಲ್ಲ. ಅರ್ಧ ಗಳಿಗೆಯಲ್ಲಿ ಪಕ್ಕದ ಕೋಣೆಯಲ್ಲಿ ಬೇವಿನ ಸೊಪ್ಪು ಹಾಸಿ ನನ್ನನ್ನು ಅದರ ಮೇಲೆ ಮಲಗಿಸಿದರು. ಬಾಗಿಲಿಗೆ ಬೇವು ಕಟ್ಟಿದರು. ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು, ಯಾಕೆಂದರೆ ಚುಂಯ್ ಎಂದರೆ ಅಮ್ಮನಿಗೆ ಆಗುವುದಿಲ್ಲ. ನನಗೆ ಊಟ ತಣ್ಣನೆಯ ಮೊಸರನ್ನ, ಎಳನೀರು. ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ನನಗೆ ಅಡ್ಡಬಿದ್ದರು. ತಳವಾರ ದೂರದಲ್ಲಿ ನಿಂತು, "ತಪ್ಪಿದ್ರೆ ಹೊಟ್ಟೇಗಾಕ್ಕೊ ತಾಯೀ" ಎಂದ. ಮೀಸೆ ಹೊತ್ತ ಸರ್ಕಾರಿ ನೌಕರನಾದ ನಾನು ಅವನಿಗೆ ಏನೆಂದು ಆಶೀರ್ವಾದ ಮಾಡಬೇಕೆಂದು ತಿಳಿಯದೆ ಸುಮ್ಮನೆ ತಲೆಯಾಡಿಸಿದೆ.

"ಅಜ್ಜೀ, ಇದು ಅಮ್ಮ ಅಲ್ಲ, ಕುರು" ಎಂದೆ.

"ಅಮ್ಮನ್ನ ಕುರು ಅಂತಾರಾ ಮಗ? ಕೆನ್ನೆ ಬಡ್ಕೊ."

ಬಡಿದುಕೊಂಡೆ. ಇಲ್ಲದಿದ್ದರೆ ಅವರು ಎದ್ದು ಹೋಗುವಂತಿರಲಿಲ್ಲ.

ಮರುದಿನ ಬೆಳಗ್ಗೆ ಜ್ವರ ಸ್ವಲ್ಪ ಇಳಿದಿತ್ತು. ಕುಡಿಕೆಯ ಮರಳಿಗೆ ಪಟೇಲರ ಸೊಸೆ ತಾನಾಗಿಯೇ ನೀರು ಚಿಮುಕಿಸಿ ಹೋದಳು. ಪಾಪ, ಅದೂ ಪೂಜೆಯ ಸಾಮಾನೆಂದುಕೊಂಡಿದ್ದಳು. ಮೂರು ಸಲ ನೀರು ಹಾಕುವವರೆಗೆ, ಅಂದರೆ ಎರಡು ವಾರ, ಊರ ಗಡಿ ದಾಟುವಂತಿಲ್ಲ ಎಂದು ಅಜ್ಜಿ ಅಪ್ಪಣೆ ಮಾಡಿದ್ದರು. ಅದಕ್ಕಿಂತ ದೊಡ್ಡ ಪೆಟ್ಟು ಪಟೇಲರಿಂದ ಬಂತು. ಬಾಗಿಲ ಹೊರಗೆ ಕೂತು ಬಹಳ ಸಂಕೋಚದಿಂದ ಹೇಳಿದರು: "ನಾನ್ ಹೇಳ್ತೀನಿ ಅಂತ ತಪ್ ತಿಳೀಬ್ಯಾಡಿ ಸ್ವಾಮಿ. ದಾಕು ಹಾಕೋ ನಿಮ್ಗೇ ಅಮ್ಮ ಬಂದ್ಬಿಟ್ಲಲ್ಲ. ಇನ್ನು ನಮ್ ಮಕ್ಕಳಿಗೆ ಅದೇನ್ ಮಾಡೀತು ಅಂತ ಊರ್ನೋರು ಕೇಳ್ತಾವ್ರೆ. ಅಕ್ಕಪಕ್ಕದ ಊರಿಗೂ ಸುದ್ದಿ ಹೋಗೈತೆ."

ಬೇವಿನ ಸೊಪ್ಪಿನ ಮೇಲೆ ಎದ್ದು ಕೂತೆ. ನನಗೆ ನಿಜವಾಗಿ ಭಯವಾಯಿತು. ಇದು ಒಂದು ಊರಿನ ಮಾತಾಗಿರಲಿಲ್ಲ. ಕುರುವನ್ನು ಸಿಡುಬೆಂದು ನಂಬಿದ ಇಡೀ ಹೋಬಳಿ ನನ್ನನ್ನು ತೋರಿಸಿ ಬಾಗಿಲು ಹಾಕಿಕೊಳ್ಳುತ್ತದೆ. ಕೆರೆಯಾಚೆ ಎರಡು ಮಕ್ಕಳು ಹೋಗಿವೆ. ಈಚೆ ವಾಡೆಯೊಳಗೆ ಸೀನಿದ ಮಗುವಿನ ಸರದಿ ಬರಲು ಎಷ್ಟು ದಿನ? ನನ್ನ ಕಂಕುಳಿಗಾಗಿ ಅದು ಸಾಯಬೇಕೇ?

ಅಜ್ಜಿಯನ್ನು ಕರೆಸಿ, "ದಾಕಿನ ಮೇಲೆ ನಿಮಗೆ ಯಾಕಿಷ್ಟು ಕೋಪ?" ಎಂದು ಕೇಳಿದೆ. ಅಮ್ಮ ಕೇಳಿದಳೆಂದುಕೊಂಡರೋ ಏನೋ, ಅವರು ಮುಚ್ಚಿಡದೆ ಹೇಳಿದರು.

"ನನ್ ದೊಡ್ ಮಗಳಿಗೆ ಆರ್ ವರ್ಸ. ದಾಕಿನೋನು ಬಂದಿದ್ದ, ಹಾಕಿಸ್ದೆ. ನಮ್ಮತ್ತೆ ಬೈದ್ಲು ಅಂತ ಅವತ್ತೇ ಸಗಣಿ ಹಚ್ಚಿ ಉಜ್ಬಿಟ್ಟೆ. ಆದ್ರೂ ಅಮ್ಮ ಮುನಿಸ್ಕೊಂಡ್ಲು. ಆ ಬ್ಯಾಸ್ಗೇಲೇ ಮಗು ಹೋಗ್ಬಿಡ್ತು. ದಾಕಿನ ಸೂಜಿ ಕಂಡೇ ಅಮ್ಮ ಮುನಿಸ್ಕೊಂಡಿದ್ದು."

ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನೀವು ಒರೆಸಿದ್ದರಿಂದಲೇ ಹೋಯಿತು ಅಜ್ಜಿ, ಒರೆಸದಿದ್ದರೆ ಇರುತ್ತಿತ್ತು. ಒಂದೇ ಮಾತಿಗೆ ವಾದ ಗೆದ್ದುಬಿಡಬಹುದಿತ್ತು. ಅವರ ಮುಖ ನೋಡಿದೆ. ನನ್ನಿಂದ ಆಗಲಿಲ್ಲ. ಅದರ ಬದಲು ಹನ್ನೊಂದು ವರ್ಷದಲ್ಲಿ ಹೆಂಡತಿಯೊಬ್ಬಳ ಮುಂದೆ ಮಾತ್ರ ಮಾಡಿದ್ದನ್ನು ಮಾಡಲು ನಿರ್ಧರಿಸಿದೆ.

"ಅಜ್ಜೀ, ಅಮ್ಮನ ಗುರುತು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಊರವರನ್ನೆಲ್ಲ ಕರೆಸಿ. ಬೆಳಕಿನಲ್ಲಿ ನನ್ನ ಮೈ ನೋಡಿ. ಅಮ್ಮನೇ ಎಂದರೆ ಎರಡು ವಾರವಲ್ಲ, ಎರಡು ತಿಂಗಳು ಮಲಗುತ್ತೇನೆ."

ಜಗುಲಿಯ ಮೇಲೆ ಕಚ್ಚೆಪಂಚೆಯಲ್ಲಿ ನಿಂತೆ. ಅಂಗಳದ ತುಂಬ ಜನ. ಅಜ್ಜಿಯ ತಪಾಸಣೆ ಶುರುವಾಯಿತು. ನಮ್ಮ ಇನ್ಸ್‌ಪೆಕ್ಟರು ಅಂಥ ತಪಾಸಣೆ ಎಂದೂ ಮಾಡಿದ್ದಿಲ್ಲ. ಮುಖ ತಿರುಗಿಸಿ ನೋಡಿದರು, ಅಂಗೈ ನೋಡಿದರು, ಅಂಗಾಲು ಎತ್ತಿಸಿ ನೋಡಿದರು, ನಾಲಿಗೆ ಚಾಚಿಸಿದರು.

"ಮಕದಾಗಿಲ್ಲ, ಅಂಗೈನಾಗಿಲ್ಲ, ಅಂಗಾಲ್ನಾಗಿಲ್ಲ" ಎಂದು ಸಭೆಗೆ ವರದಿ ಒಪ್ಪಿಸಿದರು. "ಕೈ ಎತ್ತು."

ಎತ್ತಿದೆ. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಜ್ಜಿ ಮಾತ್ರ ಮೂಗನ್ನು ಇನ್ನಷ್ಟು ಹತ್ತಿರ ತಂದರು.

"ಎಷ್ಟ್ ದಿನದಿಂದ ಐತೆ?"

"ಹನ್ನೊಂದು ವರ್ಷ. ಒಂದು ಹೋದರೆ ಇನ್ನೊಂದು."

"ಇನ್ನೆಲ್ಲೆಲ್ಲಿ?"

ಹೇಳಿದೆ. ಗಂಡಸರು ನಕ್ಕರು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಅಜ್ಜಿ ಸಭೆಯ ಕಡೆ ತಿರುಗಿದರು. "ಅಮ್ಮ ಯಾರ್ ಮನೇಲೂ ಹನ್ನೊಂದ್ ವರ್ಸ ಇರಾಕಿಲ್ಲ. ಅಷ್ಟ್ ದಿನ ಇರೋರು ನೆಂಟ್ರೇಯ. ಇದು ಬರೀ ಕುರು." ಆಮೇಲೆ ನನ್ನ ಎರಡೂ ತೋಳುಗಳ ಮೇಲಿದ್ದ ಗುಂಡನೆಯ ಹಳೆಯ ಕಲೆಗಳನ್ನು ಬೆರಳಿನಿಂದ ಮುಟ್ಟಿದರು. "ಇದೇನು?"

"ದಾಕು. ನಾನು ಮಗುವಾಗಿದ್ದಾಗ ಹಾಕಿಸಿದ್ದು. ಇಷ್ಟು ವರ್ಷ ಅಮ್ಮ ಬಂದ ಎಷ್ಟೋ ಮನೆಗಳಿಗೆ ಹೋಗಿದ್ದೇನೆ. ಕುರು ಬಂತು, ಬೇಕಾದ್ದೆಲ್ಲ ಬಂತು. ಅದೊಂದು ಬರಲಿಲ್ಲ."

ಅಜ್ಜಿ ಆ ಕಲೆಯ ಮೇಲಿಂದ ಬೆರಳು ತೆಗೆಯಲಿಲ್ಲ. ಏನು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು. ನಾನು ಬೇರೆ ಕಡೆ ನೋಡಿದೆ.

"ಈ ಕೈಲಿ ಸೂಜಿ ಹಿಡಿಯಾಕಾಯ್ತದಾ ನಿಂಗೆ?" ಎಂದರು ಕೊನೆಗೆ.

ನಿಜವಾಗಿಯೂ ಆಗುತ್ತಿರಲಿಲ್ಲ. ಚರ್ಮದ ಮೇಲೆ ರಕ್ತ ಕಾಣಿಸದಷ್ಟು ಹಗುರವಾಗಿ ಗೀರಬೇಕಾದ ಕೆಲಸ ಅದು. ನನ್ನ ಕೈ ಇನ್ನೂ ಪೂರ್ತಿ ಕೆಳಗೇ ಇಳಿಯುತ್ತಿರಲಿಲ್ಲ.

"ಹಂಗಾರೆ ನಾನ್ ನಿನ್ ಕುರು ತೆಗೀತೀನಿ. ಆಮ್ಯಾಕೆ ನೀನ್ ನಂಗೆ ದಾಕು ಹಾಕು. ಯಾರ್ ಕಿರುಚ್ತಾರೆ ನೋಡಾನ."

ಸುಟ್ಟ ಈರುಳ್ಳಿಗೆ ಅರಿಶಿನ, ಹರಳೆಣ್ಣೆ ಸೇರಿಸಿ ಪಟ್ಟು ಹಾಕಿದರು. ಮಧ್ಯಾಹ್ನದವರೆಗೆ ಮೂರು ಸಲ ಬದಲಾಯಿಸಿದರು. ಬಾವು ಮೆತ್ತಗಾಗಿ ತುದಿ ಹಳದಿಯಾಯಿತು. ಅಜ್ಜಿ ಒಂದು ಉದ್ದನೆಯ ಜಾಲಿಮುಳ್ಳು ತಂದರು. ನಾನು ಇಲಾಖೆಯ ಮಾನ ಉಳಿಸಲು, ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ನನ್ನ ಸ್ಪಿರಿಟ್ ದೀಪದ ಉರಿಯಲ್ಲಿ ಹಿಡಿಯಲೇಬೇಕೆಂದು ಹಟ ಮಾಡಿದೆ. "ಎಷ್ಟ್ ನಾಜೂಕಪ್ಪಾ" ಎಂದುಕೊಂಡೇ ಹಿಡಿದರು.

ಮುಳ್ಳು ಒಳಗೆ ಹೋದಾಗ ನಾನು ಕಿರುಚಿದ್ದು ಕೆರೆಯಾಚೆಗೂ ಕೇಳಿಸಿತಂತೆ. ಸಾವಿರಾರು ಮಕ್ಕಳಿಗೆ "ಏನೂ ಆಗಲ್ಲ, ಇರುವೆ ಕಚ್ಚಿದಂಗೆ" ಎಂದು ಹೇಳಿದವನು ನಾನು. ಅಂಗಳದಲ್ಲಿ ಅಷ್ಟು ಸಂತೋಷವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಾಗಿಲು ಹಾಕಿಕೊಂಡಿದ್ದ ಮನೆಗಳಿಂದಲೂ ಜನ ಓಡಿಬಂದರು. ವಾಡೆಯಿಂದ ತಲೆಯೊಂದು ಮೇಲೆದ್ದು, "ದಾಕಿನೋನು ಅಳ್ತಾವ್ನೆ!" ಎಂದು ಕೂಗಿತು. ಊರಿನ ಅಷ್ಟೂ ಮಕ್ಕಳು ಎಲ್ಲೆಲ್ಲಿಂದಲೋ ಉದುರಿ ನನ್ನ ಸುತ್ತ ನಿಂತು ನಾನು ಅಳುವುದನ್ನು ನೋಡಿದವು.

ಕೀವು ಪೂರ್ತಿ ಹೋಯಿತು. ಗಾಯ ತೊಳೆದು, ಕಟ್ಟು ಕಟ್ಟಿ, ಕೈಗಳನ್ನು ಎರಡೆರಡು ಸಲ ಸೋಪು ಹಾಕಿ ತಿಕ್ಕಿಕೊಂಡೆ. ಬಲಗೈ ಹಕ್ಕಿಯ ರೆಕ್ಕೆಯಷ್ಟು ಹಗುರವಾಗಿ ಕೆಳಗಿಳಿಯಿತು. ಅಜ್ಜಿ ರವಿಕೆಯ ತೋಳು ಮೇಲೆ ಸರಿಸಿ ಚಾಪೆಯ ಮೇಲೆ ಕೂತಿದ್ದರು. ತೋಳು ತೊಳೆದು ಒಣಗಿಸಿ, ಕೊಳವೆಯ ತುದಿ ಮುರಿದು ಒಂದು ಹನಿ ಬಿಟ್ಟು ಗೀರಿದೆ. ಅವರು ಮಿಸುಕಲಿಲ್ಲ.

"ಇಷ್ಟೇಯಾ?" ಎಂದರು. "ಇಷ್ಟಕ್ಕಾ ಇವ್ರೆಲ್ಲ ಓಡೋಗಿದ್ದು?" ಆಮೇಲೆ ಮೊಮ್ಮಗನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾವೇ ತೋಳು ಹಿಡಿದುಕೊಟ್ಟರು.

ಸಂಜೆ ಬಿಸಿಲಿಳಿಯುವ ಹೊತ್ತಿಗೆ ಒಂದು ಕೊಳವೆಯೂ ಉಳಿಯಲಿಲ್ಲ. ಹಾಕಿಸಿಕೊಂಡ ಪ್ರತಿ ಮಗುವನ್ನೂ ಅಜ್ಜಿ ನೆರಳಿನಲ್ಲಿ ಸಾಲಾಗಿ ಕೂರಿಸಿ, ಎದ್ದು ನಿಂತು ತಾಯಂದಿರಿಗೆ ಹೇಳಿದರು: "ಯಾವಳಾರಾ ಸಗಣಿ ಹಚ್ಚಿ ಉಜ್ಜಿದ್ರೆ ಅವಳ ಕೈ ಮುರ್ದಾಕ್ಬಿಡ್ತೀನಿ. ಉಜ್ಜಿದ್ರೆ ಏನಾಯ್ತದೆ ಅಂತ ನಂಗ್ ಗೊತ್ತು." ನಾನು ಹೇಳದೆ ಬಿಟ್ಟಿದ್ದನ್ನು ಅವರು ತಾವಾಗಿಯೇ ಹೇಳಿಕೊಂಡಿದ್ದರು. ನನ್ನ ಕಣ್ಣಲ್ಲಿ ನೀರು ಬಂತು, ಕುರುವಿನದೆಂದುಕೊಂಡು ಜನ ಮತ್ತೆ ನಕ್ಕರು.

ಹೊರಡುವ ಮುನ್ನ ನನ್ನ ತಲೆಯ ಮೇಲೆ ಬೇವು ಅರಿಶಿನದ ನೀರು ಒಂದು ಕೊಡ ಸುರಿದರು. ಅಮ್ಮ ಬಂದಿಲ್ಲವಲ್ಲ ಎಂದರೆ, "ಬಂದ್ಲೋ ಬಿಟ್ಲೋ, ಕರೆದೋರು ನಾವು. ಬರಿಗೈಲಿ ಕಳ್ಸಾಕಾಯ್ತದಾ?" ಎಂದರು. ಮನೆಗೆ ಹೋದಾಗ ಹೆಂಡತಿ ಕಟ್ಟು ಬಿಚ್ಚಿ ನೋಡಿ, "ರೀ, ಇಷ್ಟು ಚೆನ್ನಾಗಿ ಯಾರು ತೆಗೆದದ್ದು? ಯಾವ ಆಸ್ಪತ್ರೆ?" ಎಂದು ಕೇಳಿದಳು. ವಾರದೊಳಗೆ ಎಡಗಂಕುಳಲ್ಲಿ ಕಡಲೆಕಾಳೊಂದು ಕೈಗೆ ಸಿಕ್ಕಿತು. ನೆಂಟರು, ಇನ್ನೇನು.

ಎಂಟನೆಯ ದಿನ ದಾಕು ಎದ್ದಿದೆಯೋ ಇಲ್ಲವೋ ನೋಡುವುದು ನಿಯಮ. ಆ ಊರು ದಾಕು ಹಾಕಿಸಿಕೊಂಡಿತು ಎಂಬುದನ್ನು ನಂಬಲಾಗದೆ ಇನ್ಸ್‌ಪೆಕ್ಟರು ತಾವೇ ಬಂದರು. ಅವರಿಗಾಗಿ ಪಟೇಲರು ಗಾಡಿ ಕಳಿಸಿದ್ದರು. ಅವರು ಹತ್ತದೆ ಗಾಡಿಯ ಪಕ್ಕದಲ್ಲೇ ನಡೆದುಕೊಂಡು ಬಂದರು. ಎತ್ತುಗಳ ಮೇಲೆ ಎಷ್ಟು ಕರುಣೆ ಎಂದುಕೊಂಡೆ. ಮಕ್ಕಳೆಲ್ಲ ಸಾಲಾಗಿ ತೋಳು ತೋರಿಸಿದವು. ಒಂದೆರಡು ಬಿಟ್ಟು ಎಲ್ಲವೂ ಮುತ್ತಿನಂತೆ ಎದ್ದಿದ್ದವು. ಸಗಣಿಯ ಕಲೆ ಎಲ್ಲೂ ಇರಲಿಲ್ಲ.

ಕೊನೆಗೆ ಅಜ್ಜಿ ತಮ್ಮ ತೋಳು ತೋರಿಸಿ ನನಗೆ ಹೇಳಿದರು: "ನಂದು ಎದ್ದೈತೆ. ಈರುಳ್ಳಿ ಪಟ್ಟು ಹಾಕಿದ್ ನಿಂದು ಹೆಂಗೈತೆ? ಕೈ ಎತ್ತು."

ಇನ್ಸ್‌ಪೆಕ್ಟರು ಪಕ್ಕದಲ್ಲೇ ನಿಂತಿದ್ದರು. ಹನ್ನೊಂದು ವರ್ಷದ ಭೇದಿಯ ರಜೆಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಕೋಟು ಬಿಚ್ಚಿ, ಅಂಗಿ ಬಿಚ್ಚಿ, ಕೈ ಎತ್ತಿದೆ. ಆದದ್ದಾಗಲಿ ಎಂದು ಎಡಗೈಯನ್ನೂ ಎತ್ತಿದೆ.

ಇನ್ಸ್‌ಪೆಕ್ಟರು ನೋಡಿದರು. ಬಹಳ ಹತ್ತಿರ ಬಂದು ನೋಡಿದರು. ಗಂಟಲು ಸರಿಮಾಡಿಕೊಂಡು ಅಜ್ಜಿಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಆ ಈರುಳ್ಳಿ ಪಟ್ಟು... ಎಷ್ಟು ಹೊತ್ತು ಇಡಬೇಕು ಅಜ್ಜಿ?" ಎಂದು ಕೇಳಿದರು.

ಪಟೇಲರು ಅಷ್ಟರಲ್ಲಿ ಮೂರನೆಯ ಸಲ ಚಾಪೆ ಕೊಡವಿ ಹಾಸಿ, "ಕೂತ್ಕೊಂಡ್ ಮಾತಾಡಿ ಸ್ವಾಮಿ, ಬಂದಾಗಿನಿಂದ ನಿಂತೇ ಇದ್ದೀರಿ" ಎಂದರು.

ಅಜ್ಜಿ ಇನ್ಸ್‌ಪೆಕ್ಟರನ್ನು ಒಂದು ಸುತ್ತು ಬಂದು, ಹಿಂದಿನಿಂದ ಒಮ್ಮೆ ನೋಡಿದರು.

"ಎಲ್ ಕೂತಾರು ಬಿಡ್ಲಾ, ಪಾಪ" ಎಂದರು ಪಟೇಲರಿಗೆ. ಆಮೇಲೆ ಇನ್ಸ್‌ಪೆಕ್ಟರಿಗೆ: "ಒಳಗೆ ಬಾ ಮಗ. ಮುಳ್ಳು ತರ್ತೀನಿ."

ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. ನಾನು ಪೆಟ್ಟಿಗೆ ತೆರೆದು ಸ್ಪಿರಿಟ್ ದೀಪ ಹಚ್ಚಿದೆ.